ಉಡುಪಿಗೆ ನೆಂಟರು ಬಂದರೆ ನಾನು ಕಡಲಿಗೆ ಕರೆದುಕೊಂಡು ಹೋಗುವುದು ಹೀಗೆ

ಉಡುಪಿಯಲ್ಲಿ ಮನೆ ಉಂಟು ಅಂದ್ರೆ ಡಿಸೆಂಬರ್ ರಜೆಗೆ ನೆಂಟರು ತಪ್ಪುವುದಿಲ್ಲ. ಎಲ್ಲರ ಕೈಯಲ್ಲೂ ಒಂದೇ ಪಟ್ಟಿ: ಮಠ, ಮಲ್ಪೆ, ಸೇಂಟ್ ಮೇರಿಸ್ ದ್ವೀಪ, ಕಾಪು ದೀಪಸ್ತಂಭ, ಅದೂ ಒಂದೇ ದಿನದಲ್ಲಿ. ಆಗುವುದಿಲ್ಲ ಅಂತಲ್ಲ. ಆದರೆ ಯಾವುದು ಯಾವ ಹೊತ್ತಿಗೆ ಅನ್ನುವುದು ಮುಖ್ಯ. ನನ್ನ ಲೆಕ್ಕ ಸುಲಭ: ಬೆಳಿಗ್ಗೆ, ಸಂಜೆ ಕಡಲಿಗೆ. ನಡು ಮಧ್ಯಾಹ್ನ ದೇವರಿಗೆ ಮತ್ತು ಊಟಕ್ಕೆ. ಹನ್ನೆರಡು ಗಂಟೆಗೆ ಮರಳಿನ ಮೇಲೆ ನಿಂತು ಸೆಲ್ಫಿ ತೆಗೆಯುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಬೆಳಿಗ್ಗೆ ತಿಂಡಿ ಮುಗಿಸಿ ಸಿಟಿ ಬಸ್ ಸ್ಟ್ಯಾಂಡಿಗೆ ಬಂದರೆ ಕಂಡಕ್ಟರೇ 'ಮಲ್ಪೆ ಮಲ್ಪೆ' ಅಂತ ಕೂಗಿ ಹತ್ತಿಸಿಕೊಳ್ಳುತ್ತಾನೆ. ಆರೇಳು ಕಿಲೋಮೀಟರ್ ಅಷ್ಟೇ, ಇದಕ್ಕೆ ಟ್ಯಾಕ್ಸಿ ಯಾಕೆ? ದ್ವೀಪಕ್ಕೆ ದೋಣಿ ಅಲ್ಲಿಂದಲೇ, ಜನ ತುಂಬದೆ ಹೊರಡುವುದಿಲ್ಲ, ಸ್ವಲ್ಪ ಕಾಯಬೇಕು. ಪ್ಯಾಂಟ್ ಮಡಚುವ ಹಾಗಿರಲಿ, ಇಳಿಯುವಾಗ ಕಾಲು ಒದ್ದೆಯಾಗಬಹುದು. ಚಪ್ಪಲಿ ಮಾತ್ರ ಬಿಡಬೇಡಿ. ದ್ವೀಪದ ದಡದ ತುಂಬ ಮರಳಿಗಿಂತ ಚಿಪ್ಪು ಜಾಸ್ತಿ, ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ.

ಆದರೆ ಅಲ್ಲಿಗೆ ಹೋಗಬೇಕಾದ್ದು ನೀರಾಟಕ್ಕಲ್ಲ, ಕಲ್ಲು ನೋಡಲಿಕ್ಕೆ. ಐದಾರು ಮೂಲೆಯ ಕಲ್ಲಿನ ಕಂಬಗಳು, ಕಟ್ಟಿಗೆ ಹೊರೆ ನಿಲ್ಲಿಸಿದ ಹಾಗೆ ಒತ್ತೊತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುವಾಗ ಕುಗ್ಗಿ, ಸೀಳಿ ಈ ಆಕಾರ ಬಂದದ್ದು. ಕಂಬದ ತಲೆಯ ಮೇಲೆ ಕೂತು ಪಕ್ಕದ್ದರ ಮೂಲೆಗಳನ್ನು ಬೆರಳಲ್ಲಿ ಎಣಿಸಿ ನೋಡಿ. ಮಕ್ಕಳಿಗಂತೂ ಈ ಆಟ ಸಾಕಾಗುವುದೇ ಇಲ್ಲ.

ಬಿಸಿಲು ಏರುವ ಹೊತ್ತಿಗೆ ವಾಪಸ್ ಬಂದು ರಥಬೀದಿ. ಮಠದ ಒಳಗೆ ಹೋಗುವ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು, ಮೊದಲೇ ಹೇಳಿರುತ್ತೇನೆ. ಒಂಬತ್ತು ತೂತಿನ ಕಿಟಕಿಯಲ್ಲಿ ಕೃಷ್ಣನ ದರ್ಶನ, ಆಮೇಲೆ ಅಲ್ಲೇ ಪ್ರಸಾದದ ಊಟ. ಸಾಲು ಉದ್ದ ಇದ್ದರೆ ಹೊರಗಿನ ಕನಕನ ಕಿಂಡಿಯಿಂದಲೇ ಕೈಮುಗಿದು ಬರುತ್ತೇವೆ. ಊಟದ ಮೇಲೆ ಗಡ್‌ಬಡ್ ಐಸ್‌ಕ್ರೀಮ್ ಬೇಕೇ ಬೇಕು, ಬಿಡಿ. ಮೀನು ರಾತ್ರಿಗೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ಆಗ ಮೀನಿನ ರೇಟ್ ಕೇಳಿಯೇ ಆರ್ಡರ್ ಕೊಡಿ.

ಸಂಜೆಗೆ ಎಲ್ಲರೂ ಕಾಪು ಅನ್ನುತ್ತಾರೆ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ, ಮೇಲಿಂದ ಕಾಣುವ ಕಡಲು ಚಂದವೇ. ಆದರೆ ರಜೆಯಲ್ಲಿ ಹತ್ತಲು ದೊಡ್ಡ ಸಾಲು. ನನ್ನನ್ನು ಕೇಳಿದರೆ ಕೋಡಿ ಬೆಂಗ್ರೆ. ರಸ್ತೆಯ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ತುದಿಯಲ್ಲಿ ಸ್ವರ್ಣಾ, ಸೀತಾ ಎರಡೂ ಕಡಲು ಸೇರುವ ಅಳಿವೆ ಬಾಗಿಲು. ಅಲ್ಲಿ ಮಾತ್ರ ನೀರಿಗೆ ಇಳಿಯಲೇಬೇಡಿ ಮಾರಾಯ್ರೆ. ಮೇಲೆ ಎಷ್ಟು ಸುಮ್ನೆ ಕಂಡರೂ ಒಳಗೆ ಸೆಳೆತ ಜೋರು. ಈಜು ಬರುತ್ತದೆ ಅನ್ನುವ ಅಳಿಯಂದಿರಿಗೆ ಇದನ್ನು ಎರಡು ಸಲ ಹೇಳಬೇಕು. ಬಸ್ಸಿಗೆ ಹೋಗುವುದಾದರೆ ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ.

ಮಳೆಗಾಲದಲ್ಲಿ ದ್ವೀಪದ ದೋಣಿ ಬಂದ್. ಆಗ ಬಂದವರನ್ನು ನಾನು ಬೈಂದೂರು ಕಡೆಯ ಬಸ್ಸು ಹತ್ತಿಸಿ ಮರವಂತೆಗೆ ಕರೆದುಕೊಂಡು ಹೋಗುತ್ತೇನೆ. ಎಡಗಡೆ ಕಿಟಕಿ ಹಿಡಿಯಿರಿ. ಎಡಕ್ಕೆ ಹೆದ್ದಾರಿಯ ಅಂಚಿಗೇ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ. ಮಳೆಗೆ ಶಟರ್ ಇಳಿಸಿದ್ದರೆ ಅಲ್ಲಿ ಒಂದು ನಿಮಿಷ ಎತ್ತಿ, ಪಕ್ಕದವರು ಬೈದರೆ ಬೈಯಲಿ.