ಒಂದು ವಾರ, ಒಂದು ವಿಷಯ, ದಿನಕ್ಕೆ ನಾಲ್ಕು ಮಕ್ಕಳು

ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದೊಳಗಿನ ಮಕ್ಕಳು ಇಪ್ಪತ್ತರ ಆಸುಪಾಸು ಇದ್ದಾರೆ. ಊರೊಳಗಿನವರು ಕನ್ನಡ ಮಾತಾಡುತ್ತಾರೆ, ತಾಂಡಾದಿಂದ ಬರುವವರದು ಲಂಬಾಣಿ, ಮಸೀದಿ ಓಣಿಯವರದು ಉರ್ದು. ತೆಲಂಗಾಣದ ಗಡಿ ಹತ್ತಿರ ಇರುವುದರಿಂದ ಕೆಲವು ಮನೆಗಳಲ್ಲಿ ತೆಲುಗೂ ಉಂಟು. ಇರೋದು ಒಂದೇ ಕೋಣೆ, ಒಂದು ಸಣ್ಣ ಅಡುಗೆಮನೆ, ಮುಂದೆ ಒಂದಿಷ್ಟು ಅಂಗಳ. ಇಷ್ಟರಲ್ಲೇ ವಾರದ ಕಲಿಕೆ ಹೇಗೆ ನಡೆಸುತ್ತೇನೆ, ಮಗು ಮುಂದಕ್ಕೆ ಹೋಗಿದೆ ಅಂತ ಹೇಗೆ ಗೊತ್ತು ಮಾಡಿಕೊಳ್ಳುತ್ತೇನೆ ಅನ್ನೋದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಇದನ್ನೇ ಜಾಸ್ತಿ ಕೇಳುತ್ತಾರೆ.

ಮೊದಲು ತಂದೆತಾಯಿಯರ ಮಾತು ಹೇಳಬೇಕು. "ಅಕ್ಕೋರೆ, ಬರೀ ಆಡಸ್ತೀರಿ. ನಮ್ಮ ಹುಡುಗ ಇನ್ನಾ ಅ ಆ ಬರಿಯಂಗಿಲ್ಲ ನೋಡ್ರಿ." ಈ ಮಾತು ಕೇಳದ ಕಾರ್ಯಕರ್ತೆ ಕಲಬುರಗಿ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಬೆಳಗ್ಗೆ ಹಳದಿ ವ್ಯಾನ್ ಬಂದು ಪಕ್ಕದ ಮನೆ ಮಗುವನ್ನು ಕಾನ್ವೆಂಟಿಗೆ ಕರೆದುಕೊಂಡು ಹೋಗುತ್ತೆ. ಆ ಮಗುವಿನ ನೋಟ್‌ಬುಕ್ಕಿನಲ್ಲಿ ಎ ಬಿ ಸಿ ಡಿ ಸಾಲುಗಟ್ಟಿ ಇರುತ್ತೆ. ತಮ್ಮ ಮಗು ಹಿಂದೆ ಬಿತ್ತೇನೋ ಅಂತ ತಾಯಿಗೆ ಹೆದರಿಕೆ ಆಗೋದು ಸಹಜ. ಆ ಹೆದರಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಿನಗೂಲಿಗೆ ಹೋಗುವ ತಾಯಿ ಮಗುವಿನ ಓದಿನ ಬಗ್ಗೆ ಕೇಳುತ್ತಾಳೆ ಅಂದರೆ ಅದು ದೊಡ್ಡ ಮಾತು. ಆದರೆ ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಅಕ್ಷರ ತೀಡಿಸೋದು ನನಗೆ ಒಪ್ಪಿಗೆ ಇಲ್ಲ. ಆ ವಯಸ್ಸಿನ ಮಗು ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿಯುತ್ತೆ. ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಸರಿಯಾಗಿ ಹಿಡಿಯೋದು ನಾಲ್ಕೂವರೆ, ಐದು ವರ್ಷದ ಹೊತ್ತಿಗೆ. ಬೆರಳಿಗೆ ಬಲ ಬರುವ ಮೊದಲೇ ಒತ್ತಾಯ ಮಾಡಿದರೆ ಕೈ ನೋಯುತ್ತೆ, ಮನಸ್ಸೂ ದೂರ ಹೋಗುತ್ತೆ.

ವಾರದ ಲೆಕ್ಕಾಚಾರ ನಾನು ಸುಮ್ನೆ ಮಾಡಿಕೊಂಡಿದ್ದಲ್ಲ. 2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ತಂದ ಆಧಾರಶಿಲಾ ಪಠ್ಯಕ್ರಮದಲ್ಲಿ ವರ್ಷಕ್ಕೆ 48 ವಾರಗಳ ಯೋಜನೆ ಇದೆ. ಮೊದಲ 4 ವಾರ ಮಕ್ಕಳು ಮನೆ ಬಿಟ್ಟು ಬಂದು ಹೊಂದಿಕೊಳ್ಳೋಕೆ. ಆಮೇಲೆ 36 ವಾರ ಆಟದ ಮೂಲಕ ಕಲಿಕೆ. ಉಳಿದ 8 ವಾರ ಕಲಿತದ್ದನ್ನು ಗಟ್ಟಿ ಮಾಡೋಕೆ. ವಾರಕ್ಕೆ ಐದು ದಿನ ಒಂದು ಥರ, ಆರನೇ ದಿನ ಬೇರೆ ಥರ. ನಮ್ಮ ರಾಜ್ಯದ ಚಿಲಿಪಿಲಿ ಪುಸ್ತಕವೂ ವಿಷಯ ಹಿಡಿದೇ ಸಾಗುತ್ತೆ. ನಾನು ಇವೆರಡನ್ನೂ ಮುಂದಿಟ್ಟುಕೊಂಡು, ವಿಷಯವನ್ನು ಊರಿನ ಹಬ್ಬಕ್ಕೆ, ಹೊಲದ ಕೆಲಸಕ್ಕೆ ಹೊಂದಿಸುತ್ತೇನೆ. ಮಕ್ಕಳು ಮನೆಯಲ್ಲಿ ಕಂಡದ್ದೇ ಅಂಗನವಾಡಿಯಲ್ಲೂ ಬಂದರೆ ಮಾತು ತಾನಾಗಿ ಹೊರಡುತ್ತೆ.

ಎಲ್ಲಕ್ಕಿಂತ ಚೆನ್ನಾಗಿ ನಡೆಯೋದು ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯ ವಾರ. ಕಾರಹುಣ್ಣಿಮೆ ಮುಗಿದಿರುತ್ತೆ, ಮಳೆ ಶುರುವಾಗಿರುತ್ತೆ. ಸೋಮವಾರ ಎತ್ತಿನ ಬಗ್ಗೆ ಬರೀ ಮಾತು. ಯಾರ ಮನೆಯಲ್ಲಿ ಎತ್ತು ಇದೆ, ಅದರ ಹೆಸರೇನು, ಏನು ತಿನ್ನುತ್ತೆ, ಹೇಗೆ ನಡೆಯುತ್ತೆ. ನಡೆದು ತೋರಿಸು ಅಂದರೆ ಎಲ್ಲರೂ ನಾಲ್ಕು ಕಾಲಲ್ಲಿ ಕೋಣೆ ತುಂಬಾ ಓಡಾಡುತ್ತಾರೆ. ಮಂಗಳವಾರ ಎರಿ ಮಣ್ಣು ತರುತ್ತೇವೆ. ದೊಡ್ಡ ಮಕ್ಕಳು ಕಲ್ಲು, ಕಸ ಆರಿಸುತ್ತಾರೆ, ಸಣ್ಣವರು ನೀರು ಹಾಕಿ ತುಳಿಯುತ್ತಾರೆ. ನೀರು ಜಾಸ್ತಿಯಾದರೆ ಮಣ್ಣು ಕೈಗೆ ಅಂಟುತ್ತೆ, ಕಡಿಮೆಯಾದರೆ ಸೀಳುತ್ತೆ. ಇದನ್ನು ನಾನು ಹೇಳಿಕೊಡೋದಿಲ್ಲ, ಅವರ ಕೈಯೇ ಅವರಿಗೆ ಹೇಳುತ್ತೆ.

ಬುಧವಾರ ಎತ್ತು ಮಾಡೋದು. ಇಲ್ಲಿ ಒಂದೊಂದು ಕೈಯನ್ನೂ ನೋಡಬೇಕು. ಮೂರು ವರ್ಷದ ಮಗು ಮಣ್ಣನ್ನು ಅಂಗೈಯಲ್ಲಿ ಚಪ್ಪಟೆ ಮಾಡುತ್ತೆ, ನೆಲಕ್ಕೆ ಬಡಿಯುತ್ತೆ. ಅದಕ್ಕೆ ಅದೇ ಎತ್ತು. ನಾಲ್ಕರ ಮಗು ಉಂಡೆ ಕಟ್ಟುತ್ತೆ, ಎರಡು ಅಂಗೈ ನಡುವೆ ಉದ್ದಕ್ಕೆ ಹೊಸೆದು ಕಾಲು ಮಾಡುತ್ತೆ. ಐದರ ಮಗು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಮಣ್ಣು ಚಿವುಟಿ ಕೊಂಬು ಎಳೆಯುತ್ತೆ, ಕುಸುಬಿ ಕಾಳನ್ನು ಕಣ್ಣಾಗಿ ಒತ್ತುತ್ತೆ. ಹಾಗೆ ಚಿವುಟೋದು, ಒತ್ತೋದು ಮಾಡಿದ ಬೆರಳೇ ನಾಳೆ ಪೆನ್ಸಿಲ್ ಹಿಡಿಯೋದು. ಇದನ್ನು ತಾಯಂದಿರಿಗೆ ಬಾಯಲ್ಲಿ ಎಷ್ಟು ಹೇಳಿದರೂ ಸಾಲದು. ಅದಕ್ಕೇ ಆ ದಿನ ಬರೋಕೆ ಆಗುವ ತಾಯಂದಿರನ್ನು, ಅಜ್ಜಿಯರನ್ನು ಕರೆದು ಪಕ್ಕದಲ್ಲಿ ಕೂರಿಸುತ್ತೇನೆ. ಅಜ್ಜಿಯರು ಗ್ವಾದಲಿ, ಅಂದರೆ ಎತ್ತಿಗೆ ಮೇವು ಹಾಕುವ ತೊಟ್ಟಿ, ಮಾಡೋಕೆ ಶುರು ಮಾಡಿದರೆ ಮಕ್ಕಳು ನನ್ನ ಕಡೆ ತಿರುಗಿಯೂ ನೋಡೋದಿಲ್ಲ.

ಗುರುವಾರ ಲೆಕ್ಕ. ಎತ್ತುಗಳನ್ನು ಜೋಡಿ ಮಾಡಬೇಕು. ಪ್ರತಿ ಎತ್ತಿನ ಮುಂದೆ ಒಂದೊಂದು ದಂಟಿನ ತುಂಡು ಮೇವು ಇಡಬೇಕು. ಮೇವು ಉಳಿಯಿತಾ, ಸಾಲಲಿಲ್ಲವಾ? ಹತ್ತರವರೆಗೆ ಗಟ್ಟಿಯಾಗಿ ಹೇಳುವ ಮಗು ಕೂಡ ಇಲ್ಲಿ ಒಂದು ಎತ್ತಿಗೆ ಎರಡು ಸಲ ಎಣಿಸಿಬಿಡುತ್ತೆ. ಬಾಯಲ್ಲಿ ಅಂಕಿ ಬರೋದು ಬೇರೆ, ಒಂದು ವಸ್ತುವಿಗೆ ಒಂದೇ ಅಂಕಿ ಕೊಡೋದು ಬೇರೆ. ಎಣಿಸಿ ಮುಗಿಸಿದ ಮೇಲೆ "ಹಾಗಾದ್ರೆ ಎಷ್ಟು?" ಅಂತ ಕೇಳಿದಾಗ ಕೊನೆಯ ಅಂಕಿಯನ್ನೇ ಹೇಳೋದು ಇನ್ನೂ ಮುಂದಿನ ಮೆಟ್ಟಿಲು. ಈ ಮೂರನ್ನೂ ನಾನು ಬೇರೆ ಬೇರೆಯಾಗಿ ಗಮನಿಸುತ್ತೇನೆ. ನಮ್ಮ ಕೋಣೆಯ ನೆಲ ಶಹಾಬಾದ್ ಫರಸಿ. ಚೌಕ ಚೌಕ ಕಲ್ಲು. ಒಂದು ಕಲ್ಲಿಗೆ ಒಂದು ಹೆಜ್ಜೆ, ಒಂದು ಹೆಜ್ಜೆಗೆ ಒಂದು ಅಂಕಿ. ಎಣಿಕೆ ಕಲಿಸೋಕೆ ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ಅದೇ ಕಲ್ಲಿನ ಮೇಲೆ ಕುಂಟಾಟ ಆಡಿಸಿದರೆ ಯಾರು ಒಂಟಿ ಕಾಲಲ್ಲಿ ಜಿಗಿಯುತ್ತಾರೆ, ಯಾರಿಗೆ ಇನ್ನೂ ಬ್ಯಾಲೆನ್ಸ್ ಬಂದಿಲ್ಲ ಅನ್ನೋದೂ ಕಾಣುತ್ತೆ.

ಶುಕ್ರವಾರ ಕಥೆ ಮತ್ತು ಚಿತ್ರ. ಶನಿವಾರ ಹೊಸದೇನೂ ಇಲ್ಲ, ವಾರದಲ್ಲಿ ಮಾಡಿದ್ದನ್ನೇ ಮಕ್ಕಳು ಕೇಳಿದಂತೆ ಮತ್ತೆ ಮಾಡಿಸೋದು.

ಎಲ್ಲ ವಾರವೂ ಹೀಗೇ ತುಂಬಿ ಬರೋದಿಲ್ಲ. ಸಾರಿಗೆ, ಊರಿನ ಸಹಾಯಕರು ಅಂತ ವಿಷಯ ಇರುವ ವಾರಗಳು ಪಟ ತೋರಿಸಿ, ಹಾಡು ಹೇಳಿ ಮುಗಿದುಹೋಗುತ್ತವೆ. ಡಿಸೆಂಬರ್‌ನಲ್ಲಿ ತೊಗರಿ ರಾಶಿ ಬಂದಾಗ ಕಲಿಕೆಗೆ ಮತ್ತೆ ಜೀವ ಬರುತ್ತೆ. 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕ ತೊಗರಿಯ ನಾಡು ನಮ್ಮದು, ಕಾಳಿಗೇನು ಬರ? ತೊಗರಿ, ಕಡಲೆ, ಹೆಸರು, ಜೋಳ ಬೆರೆಸಿ ಮೊರದಲ್ಲಿಟ್ಟರೆ ಐದು ವರ್ಷದವರು ಬೇರೆ ಬೇರೆ ಬಟ್ಟಲಿಗೆ ಆರಿಸುತ್ತಾರೆ. ಒಂದು ಎಚ್ಚರ ಮಾತ್ರ ಬೇಕೇ ಬೇಕು. ಸಣ್ಣ ಮಕ್ಕಳು ಕಾಳನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ. ಮೂರು ವರ್ಷದವರಿಗೆ ಕಾಳು ಕೊಡಬೇಡಿ. ದಂಟಿನ ದೊಡ್ಡ ತುಂಡು, ಬಾಟಲಿ ಮುಚ್ಚಳ, ಬದನೆಕಾಯಿ ಕೊಡಿ. ಕಾಳಿನ ಆಟ ನಡೆಯುವಾಗ ನಾನು ಎದ್ದು ಹೋಗೋದಿಲ್ಲ, ಫೋನ್ ಬಂದರೂ ಎತ್ತೋದಿಲ್ಲ.

ಈಗ ಪ್ರಗತಿಯ ವಿಷಯ. ತೂಕ, ಎತ್ತರ ಪ್ರತಿ ತಿಂಗಳು ಅಳೆದು ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕುತ್ತೇವೆ. ಅದು ಎಲ್ಲರಿಗೂ ಗೊತ್ತಿರೋದೇ. ಕಲಿಕೆಗೆ ನಾನು ಇಟ್ಟುಕೊಂಡಿರೋದು ಒಂದು ದಪ್ಪ ನೋಟ್‌ಬುಕ್. ಒಂದೊಂದು ಮಗುವಿಗೆ ಕೆಲವು ಪುಟ. ದಿನಕ್ಕೆ ನಾಲ್ಕೇ ಮಕ್ಕಳನ್ನು ಗಮನವಿಟ್ಟು ನೋಡುತ್ತೇನೆ. ಶುಕ್ರವಾರದ ಹೊತ್ತಿಗೆ ಎಲ್ಲರ ಸರದಿ ಮುಗಿಯುತ್ತೆ. ಎಲ್ಲರನ್ನೂ ಎಲ್ಲ ದಿನ ನೋಡ್ತೀನಿ ಅಂತ ಹೊರಟರೆ ಯಾರನ್ನೂ ನೋಡಿದಂಗಾಗೋದಿಲ್ಲ, ಅಲ್ವಾ? ಜೋರಾಗಿರುವ ಮಕ್ಕಳಷ್ಟೇ ಕಣ್ಣಿಗೆ ಬೀಳುತ್ತಾರೆ. ಮೂಲೆಯಲ್ಲಿ ಕೂತ ಮಗು ತಿಂಗಳುಗಟ್ಟಲೆ ಮೂಲೆಯಲ್ಲೇ ಇರುತ್ತೆ.

ಬರೆಯುವಾಗ ಒಂದು ನಿಯಮ ಪಾಲಿಸುತ್ತೇನೆ. "ಚೆನ್ನಾಗಿ ಕಲಿಯುತ್ತಾನೆ", "ಮಂದ ಇದ್ದಾಳೆ" ಅಂತ ಬರೆಯುವಂತಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. ನನ್ನ ನೋಟ್‌ಬುಕ್ಕಿನ ಕೆಲವು ಸಾಲು ಹೀಗಿವೆ:

"ಐದು ಮುಚ್ಚಳ ಎಣಿಸಿದ. ಎಷ್ಟು ಅಂದರೆ ಮತ್ತೆ ಒಂದರಿಂದ ಶುರು ಮಾಡಿದ."

"ಗೋಲ ಬರೆದಳು, ತುದಿ ಕೂಡಿತು. ಕೂಡಿಸುವ ಚಿಹ್ನೆ (+) ನೋಡಿ ಬರೆಯೋಕೆ ಹೋಗಿ ಎರಡು ಅಡ್ಡ ಗೆರೆ ಎಳೆದಳು."

"ಊಟದ ತಟ್ಟೆ ತಾನೇ ತೊಳೆದ. ಪಕ್ಕದವನ ತಟ್ಟೆಯನ್ನೂ ತೊಳೆದ."

ಎರಡು ತಿಂಗಳ ಸಾಲುಗಳನ್ನು ಒಟ್ಟಿಗೆ ಓದಿದರೆ ಮಗು ಎಲ್ಲಿತ್ತು, ಎಲ್ಲಿಗೆ ಬಂತು ಅನ್ನೋದು ಸ್ಪಷ್ಟವಾಗುತ್ತೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಗು ಗೋಲ ನೋಡಿ ಬರೆಯುತ್ತೆ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆ ಆಸುಪಾಸು ಚೌಕ, ಐದಕ್ಕೆ ತ್ರಿಕೋನ. ಇದು ಅಂದಾಜಿಗೆ ಅಷ್ಟೇ. ಒಂದು ಮಗು ಆರು ತಿಂಗಳು ಆಚೀಚೆ ಆದರೆ ನಾನು ಗಾಬರಿಯಾಗೋದಿಲ್ಲ. ಆದರೆ ಕರೆದರೆ ತಿರುಗದಿದ್ದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ, ಮೊದಲು ಆಡುತ್ತಿದ್ದ ಮಾತು ನಿಂತುಹೋದರೆ ಕಾಯೋದಿಲ್ಲ. ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಆ ಮಗುವಿನ ಪುಟವನ್ನೇ ತೋರಿಸುತ್ತೇನೆ.

ಭಾಷೆಯ ವಿಷಯದಲ್ಲಿ ಈ ನೋಟ್‌ಬುಕ್ ನನಗೆ ತುಂಬಾ ಸಹಾಯ ಮಾಡಿದೆ. ತಾಂಡಾದ ಒಂದು ಹುಡುಗಿ ಜೂನ್‌ನಲ್ಲಿ ಸೇರಿದಳು. ತಿಂಗಳುಗಳೇ ಕಳೆದರೂ ಬಾಯಿ ಬಿಡಲಿಲ್ಲ. "ಈಕಿ ಮೂಗಿ ಏನ್ರಿ?" ಅಂತ ಬಂದವರು ಕೇಳುತ್ತಿದ್ದರು. ಅವಳ ಪುಟದಲ್ಲಿ ಬೇರೆಯೇ ಇತ್ತು. "ಕೆಂಪು ಮುಚ್ಚಳ ತಾ ಅಂದಾಗ ತಂದಳು." "ಕಥೆಯಲ್ಲಿ ಎತ್ತು ಬಿದ್ದಾಗ ಎಲ್ಲರಿಗಿಂತ ಮೊದಲು ನಕ್ಕಳು." ಅಂದರೆ ಕನ್ನಡ ಒಳಗೆ ಇಳಿಯುತ್ತಿದೆ, ಹೊರಗೆ ಬರೋಕೆ ಹೊತ್ತು ಬೇಕು ಅಷ್ಟೇ. ನಮ್ಮ ಸಹಾಯಕಿ ಅದೇ ತಾಂಡಾದವಳು. ವಾರದ ಕಥೆಯನ್ನು ಮೊದಲು ಅವಳಿಂದ ಲಂಬಾಣಿಯಲ್ಲಿ ಹೇಳಿಸಿ ಆಮೇಲೆ ನಾನು ಕನ್ನಡದಲ್ಲಿ ಹೇಳತೊಡಗಿದೆ. ಉರ್ದು ಮನೆಯ ಮಕ್ಕಳ ಅಕ್ಕಂದಿರು ಬಿಡುವಿದ್ದಾಗ ಬಂದು ತಮ್ಮ ಭಾಷೆಯಲ್ಲಿ ಹೇಳುತ್ತಾರೆ. ಮನೆಮಾತಿನಲ್ಲಿ ಕಲಿಸಬೇಕು ಅಂತ 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಹೇಳುತ್ತೆ. ಊಟದ ವಿಷಯದ ವಾರ ಬಂತು. ಮಕ್ಕಳು ಮಣ್ಣಿನ ರೊಟ್ಟಿ ತಟ್ಟುತ್ತಿದ್ದರು. ಆ ಹುಡುಗಿ ಒಂದು ರೊಟ್ಟಿಯನ್ನು ಎಲೆ ಮೇಲಿಟ್ಟು ತಂದು ನನ್ನ ಮುಂದೆ ಹಿಡಿದು, "ಅಕ್ಕಾ, ಬಾಟಿ ತಿನ್ರಿ" ಅಂದಳು. ಬಾಟಿ ಅಂದರೆ ಲಂಬಾಣಿಯಲ್ಲಿ ರೊಟ್ಟಿ. ಅವಳ ತಾಯಿಗೆ ಅವತ್ತೇ ಸಂಜೆ ಹೋಗಿ ಹೇಳಿದೆ. ಆಮೇಲೆ ಆ ಮಗು ಮಾತು ನಿಲ್ಲಿಸಿದ್ದೇ ಇಲ್ಲ.

ಗುಳೆ ಹೋಗುವ ಮನೆಗಳದು ಇನ್ನೊಂದು ಕಷ್ಟ. ದೀಪಾವಳಿ ಆದಮೇಲೆ ಕೆಲವರು ಮುಂಬೈ, ಪುಣೆ, ಹೈದರಾಬಾದ್ ಕಡೆ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ತಿರುಗಿ ಬಂದ ಮಗುವನ್ನು ಆ ವಾರದ ಚಟುವಟಿಕೆಗೆ ನೇರ ಕೂರಿಸಿದರೆ ಅದು ಕಂಗಾಲಾಗುತ್ತೆ. ನಾನು ಅದರ ಕೊನೆಯ ಪುಟ ತೆಗೆದು ಅಲ್ಲಿಂದಲೇ ಶುರು ಮಾಡುತ್ತೇನೆ. ಹೋಗುವ ಮುಂಚೆ ತಾಯಿಗೂ ಹೇಳಿ ಕಳಿಸುತ್ತೇನೆ: ರೊಟ್ಟಿ ಎಣಿಸಿ ಬಡಿಸಲು ಹೇಳು, ಬಟ್ಟೆಯ ಗುಂಡಿ ತಾನೇ ಹಾಕಿಕೊಳ್ಳಲಿ, ಮಲಗುವಾಗ ನಿನಗೆ ಬರುವ ಕಥೆ ಹೇಳು. ಪುಸ್ತಕ ಬೇಕಾಗಿಲ್ಲ, ಬರಹ ಬರಬೇಕಾಗಿಲ್ಲ.

ತಾಯಂದಿರ ಸಭೆಯಲ್ಲಿ ನಾನು ನೋಟ್‌ಬುಕ್ ಓದೋದಿಲ್ಲ. ಪ್ರತಿ ಮಗುವಿನ ಮೂರು ಚಿತ್ರಗಳನ್ನು ದಾರಕ್ಕೆ ಸಿಕ್ಕಿಸುತ್ತೇನೆ. ಜೂನ್, ಸೆಪ್ಟೆಂಬರ್, ಜನವರಿ. ಮೂರರಲ್ಲೂ "ಅವ್ವನ ಚಿತ್ರ ಬರಿ" ಅಂತಲೇ ಹೇಳಿರುತ್ತೇನೆ. ಜೂನ್‌ನಲ್ಲಿ ಬರೀ ಗೀಚು. ಸೆಪ್ಟೆಂಬರ್‌ನಲ್ಲಿ ದೊಡ್ಡ ತಲೆ, ತಲೆಯಿಂದಲೇ ಹೊರಟ ಎರಡು ಕಾಲು. ಜನವರಿಯಲ್ಲಿ ಹೊಟ್ಟೆ, ಕೈ, ಕೈಯಲ್ಲಿ ಬಳೆ, ತಲೆ ಮೇಲೆ ಬುಟ್ಟಿ. "ಅ ಆ ಬರಿಯಂಗಿಲ್ಲ" ಅಂದಿದ್ದ ತಾಯಿಯೊಬ್ಬಳು ಬಳೆ ಎಣಿಸಿ, "ನಾ ಇಷ್ಟೇ ಬಳಿ ಹಾಕ್ಕೋತೀನ್ರಿ" ಅಂದಳು. ನೋಡಿದ್ದನ್ನು ನೆನಪಿಟ್ಟು, ಎಣಿಸಿ, ಕೈಯಲ್ಲಿ ತರುವ ಮಗುವಿಗೆ ಅಕ್ಷರ ಕಷ್ಟವಾಗೋದಿಲ್ಲ ಅಂತ ಆಗ ಹೇಳಿದರೆ ನಂಬುತ್ತಾರೆ. ಅಕ್ಷರಗಳೂ ನಮ್ಮಲ್ಲಿ ಇಲ್ಲ ಅಂತಲ್ಲ. ಐದು ದಾಟಿದವರು ತಮ್ಮ ಹೆಸರಿನ ಚೀಟಿ ಗುರುತಿಸಿ ತಮ್ಮ ಚೀಲಕ್ಕೆ ಸಿಕ್ಕಿಸುತ್ತಾರೆ, ಮರಳ ಮೇಲೆ ಬೆರಳಲ್ಲಿ ಬರೆಯುತ್ತಾರೆ, ಆಮೇಲೆ ಸ್ಲೇಟು.

ವರ್ಷದ ಕೊನೆಗೆ, ಒಂದನೇ ತರಗತಿಗೆ ಹೋಗುವ ಮಕ್ಕಳ ಪುಟಗಳನ್ನು ಒಂದೊಂದು ಹಾಳೆಗೆ ಇಳಿಸಿ ಶಾಲೆಗೆ ಕೊಡುತ್ತೇನೆ. ಯಾವ ಮನೆಮಾತು, ಎಷ್ಟರವರೆಗೆ ವಸ್ತು ಎಣಿಸುತ್ತೆ, ಯಾವುದಕ್ಕೆ ಹೆದರುತ್ತೆ, ಯಾರ ಪಕ್ಕ ಕೂರಿಸಿದರೆ ಮಾತಾಡುತ್ತೆ. ನಲಿಕಲಿ ತರಗತಿಯಲ್ಲಿ ಮಕ್ಕಳನ್ನು ಗುಂಪು ಮಾಡಿ ಕೂರಿಸೋದರಿಂದ ಕೊನೆಯ ಸಾಲು ಶಿಕ್ಷಕರಿಗೆ ಕೂಡಲೇ ಉಪಯೋಗಕ್ಕೆ ಬರುತ್ತೆ. ಈ ಸಲ ಶಾಲೆಯ ಮೇಡಂ ಇನ್ನೊಂದು ಕೇಳಿದ್ದಾರೆ: ಯಾವ ಮಗು ಯಾವ ಕಥೆ ಮತ್ತೆ ಮತ್ತೆ ಕೇಳುತ್ತಿತ್ತು ಅನ್ನೋದನ್ನೂ ಬರೆದುಕೊಡಿ ಅಂತ. ಜೂನ್‌ನಿಂದ ಅದಕ್ಕೂ ಒಂದು ಸಾಲು ಸೇರಿಸುತ್ತಿದ್ದೇನೆ.