ಹಳೆಯ ಪಿಕ್ಲಿಂಗ್ ಆಸಿಡ್‌ನಿಂದಲೇ ಕ್ರೋಮ್ ಇಳಿಸಿದೆ: ಭೋಸರಿಯಲ್ಲಿ ನನ್ನ ಅನುಭವ

‘ಕಬ್ಬಿಣ ಹಾಕಿದರೆ ಕೆಸರಿನಲ್ಲೇ ಮುಳುಗುತ್ತೀರಿ.’ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇ.ಟಿ.ಪಿ. (ಕಾರ್ಖಾನೆಯ ಕೊಳೆನೀರು ಶುದ್ಧಿ ಮಾಡುವ ಘಟಕ) ನಡೆಸುವ ನಮ್ಮವರು, ಅಂದರೆ ಇಂಡಿ, ಅಫಜಲಪುರ, ಅಕ್ಕಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು, ನನಗೆ ಹೇಳಿದ್ದು ಇದನ್ನೇ. ರಾಸಾಯನಿಕ ಮಾರುವವರೂ ಇದನ್ನೇ ಹೇಳಿದರು. ಅವರಿಗೆ ಕ್ರೋಮ್ ನೀರಿಗೆ ಎಲ್ಲರೂ ಹಾಕುವ ಮೆಟಾಬೈಸಲ್ಫೈಟ್ (ಚಿಕ್ಕದಾಗಿ ಮೆಟಾ) ಪುಡಿಯ ಚೀಲ ಮಾರಾಟವಾಗಬೇಕಿತ್ತು. ಈಗ ನಮ್ಮಲ್ಲಿ ಮೆಟಾ ಚೀಲ ಒಳಗೆ ಬರುವುದಿಲ್ಲ, ಪಿಕ್ಲಿಂಗ್‌ಗೆ, ಅಂದರೆ ಲೇಪನಕ್ಕೆ ಮುಂಚೆ ಮಾಲಿನ ತುಕ್ಕು ತೆಗೆಯಲು ಬಳಸಿ ಮುಗಿದ ಹಳೆಯ ಆಸಿಡ್ ಕ್ಯಾನ್ ಹೊರಗೆ ಹೋಗುವುದಿಲ್ಲ, ಹೆಕ್ಸಾ ಕ್ರೋಮ್ (ಕ್ರೋಮಿಯಂನ ವಿಷಕಾರಿ ಹಳದಿ ರೂಪ, ಕ್ರೋಮೇಟ್) ಲೀಟರಿಗೆ 0.1 ಮಿಲಿಗ್ರಾಂ ಮಿತಿಯೊಳಗೆ ನಿಂತಿದೆ. ಹೇಗೆಂದು ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವುದು ಸತು ಪ್ಲೇಟಿಂಗ್ ಘಟಕ. ಹಳದಿ ಪ್ಯಾಸಿವೇಶನ್ (ಸತುವಿನ ಮೇಲೆ ಕ್ರೋಮೇಟಿನ ರಕ್ಷಣಾ ಪದರ ಕೊಡುವುದು) ಇದೆ, ಪಕ್ಕದಲ್ಲಿ ಗಟ್ಟಿ ಕ್ರೋಮಿಯಂ ಲೇಪಿಸುವ ಸಣ್ಣದೊಂದು ಹಾರ್ಡ್ ಕ್ರೋಮ್ ತೊಟ್ಟಿ ಇದೆ. ದಿನಕ್ಕೆ ಸುಮಾರು 12 ಸಾವಿರ ಲೀಟರ್ ತೊಳೆನೀರು; ಅದರಲ್ಲಿ ಹೆಕ್ಸಾ ಕ್ರೋಮ್ ಲೀಟರಿಗೆ 40 ಮಿಲಿಗ್ರಾಂ ಆಸುಪಾಸು. ಹಳೆಯ ಪದ್ಧತಿ ಎಲ್ಲರದೂ ಒಂದೇ: ಸಲ್ಫ್ಯೂರಿಕ್ ಹಾಕಿ ಪಿಎಚ್ ಎರಡೂಕಾಲಿಗೆ ಇಳಿಸು, ಮೆಟಾ ಹಾಕಿ ಹೆಕ್ಸಾವನ್ನು ಅಷ್ಟು ವಿಷವಲ್ಲದ ಟ್ರೈ ಕ್ರೋಮ್‌ಗೆ ಇಳಿಸು, ಆಮೇಲೆ ಸುಣ್ಣ ಹಾಕಿ ಪಿಎಚ್ ಮೇಲೇರಿಸಿ ಅದನ್ನು ಕೆಸರಾಗಿ ಕೂರಿಸು. ಪುಸ್ತಕದ ಲೆಕ್ಕದಲ್ಲಿ ಒಂದು ಗ್ರಾಂ ಕ್ರೋಮಿಯಂಗೆ ಮೂರು ಗ್ರಾಂಗಿಂತ ಸ್ವಲ್ಪ ಕಡಿಮೆ ಮೆಟಾ ಸಾಕು. ನೆಲದ ಮೇಲೆ ಅದರ ಎರಡರಷ್ಟು ಹೋಗುತ್ತಿತ್ತು. ಮಳೆಗಾಲದಲ್ಲಿ ಚೀಲ ಗಟ್ಟಿಯಾಗಿ ಸತ್ವ ಕಳೆದುಕೊಂಡಾಗ ಇನ್ನೂ ಹೆಚ್ಚು. ತೊಟ್ಟಿಯ ಮೇಲೆ ಬಗ್ಗಿದವನ ಮೂಗು, ಗಂಟಲು ಉರಿಯುವುದು ಬೇರೆ.

ದುಡ್ಡಿಗಿಂತ ನನ್ನನ್ನು ಕಾಡಿದ್ದು ಪರೀಕ್ಷೆಯ ಮೋಸ. ಪಿಎಚ್ ಎಲೆಕ್ಟ್ರೋಡ್ ಸರಿದು ಎರಡರ ಬದಲು ನಾಲ್ಕು, ಐದಕ್ಕೆ ನಿಂತರೆ ಮೆಟಾ ನಿಧಾನವಾಗುತ್ತದೆ. ಅಷ್ಟರಲ್ಲಿ ಸುಣ್ಣ ಬೀಳುತ್ತದೆ, ಕ್ರೋಮೇಟ್ ಮತ್ತು ಮೆಟಾದಿಂದ ಬಂದ ಸಲ್ಫೈಟ್ ಎರಡೂ ಅಕ್ಕಪಕ್ಕ ಉಳಿದುಬಿಡುತ್ತವೆ. ಆ ನೀರಿನ ಮಾದರಿಗೆ ಡಿಪಿಸಿ (ಹೆಕ್ಸಾ ಇದ್ದರೆ ನೇರಳೆ ಬಣ್ಣ ತೋರುವ) ಪರೀಕ್ಷೆಗೆಂದು ಆಮ್ಲ ಸೇರಿಸಿದ ಕೂಡಲೇ ಉಳಿದಿದ್ದ ಸಲ್ಫೈಟ್ ಎಚ್ಚೆತ್ತು ಕ್ರೋಮೇಟನ್ನು ಅಲ್ಲೇ ಇಳಿಸುತ್ತದೆ. ನಳಿಕೆಯಲ್ಲಿ ನೇರಳೆ ಬಣ್ಣವೇ ಬರುವುದಿಲ್ಲ. ತೊಟ್ಟಿಯ ನೀರು ಮಾತ್ರ ಕಣ್ಣಿಗೆ ಹಳದಿ! ಸೊಲ್ಲಾಪುರದಿಂದ ಬಂದ ನಮ್ಮ ಪ್ರಯೋಗಾಲಯದ ಅಕ್ಕ ಇದನ್ನು ಮೊದಲು ಹಿಡಿದವರು. ‘ನಳಿಕೆ ಬಿಳಿ ಇದೆ, ಬಕೆಟ್ ಹಳದಿ ಇದೆ, ನಾನು ಯಾವುದಕ್ಕೆ ಸಹಿ ಮಾಡಲಿ ಹೇಳಿ ಅಣ್ಣಾ’ ಎಂದು ಕೇಳಿದರು. ಆ ಪ್ರಶ್ನೆಯ ನಂತರವೇ ನಾನು ಕಬ್ಬಿಣದ ಕಡೆ ತಿರುಗಿದೆ.

ಫೆರಸ್ ಕಬ್ಬಿಣ (ಆಸಿಡ್‌ನಲ್ಲಿ ಕರಗಿದ ಕಬ್ಬಿಣದ ರೂಪ) ಕ್ರೋಮೇಟನ್ನು ಇಳಿಸುತ್ತದೆ ಎಂಬುದು ಹೊಸ ಮಾತಲ್ಲ. ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕುವುದು ನಮ್ಮ ಹಿರಿಯರಿಗೂ ಗೊತ್ತಿತ್ತು. ಆದರೆ ಒಂದು ಗ್ರಾಂ ಕ್ರೋಮಿಯಂಗೆ ಹದಿನಾರು ಗ್ರಾಂ ಅನ್ನಭೇದಿ ಬೇಕು, ಕೊಂಡು ಹಾಕಿದರೆ ಕಟ್ಟುವುದಿಲ್ಲ. ಇತ್ತ ನಮ್ಮದೇ ಹೈಡ್ರೋಕ್ಲೋರಿಕ್ ಪಿಕ್ಲಿಂಗ್ ತೊಟ್ಟಿಯಲ್ಲಿ ಲೀಟರಿಗೆ ನೂರು ಗ್ರಾಂವರೆಗೆ ಕಬ್ಬಿಣ ಕರಗಿ ಕುಳಿತಿತ್ತು, ಅದನ್ನು ಸಾಗಿಸಲು ತಿಂಗಳಿಗೆ ಆರು ಸಾವಿರ ರೂಪಾಯಿ ಹತ್ತಿರ ಕೊಡುತ್ತಿದ್ದೆವು. ಮೂರು ಗ್ರಾಂಗಿಂತ ಸ್ವಲ್ಪ ಹೆಚ್ಚು ಕಬ್ಬಿಣಕ್ಕೆ ಒಂದು ಗ್ರಾಂ ಕ್ರೋಮಿಯಂ ಇಳಿಯುತ್ತದೆ. ದಿನದ ನೀರಿಗೆ ಲೆಕ್ಕದಂತೆ ಹದಿನೈದು ಹದಿನಾರು ಲೀಟರ್ ಹಳೆಯ ಆಸಿಡ್ ಸಾಕು. ನಾನು ಇಪ್ಪತ್ತೈದರವರೆಗೆ ಬಳಸುತ್ತೇನೆ.

ಇದರ ದೊಡ್ಡ ಲಾಭವೆಂದರೆ ಪಿಎಚ್ ಎರಡಕ್ಕೆ ಇಳಿಯಬೇಕಾಗಿಲ್ಲ. ಏಳೂವರೆ, ಎಂಟರಲ್ಲೇ ಫೆರಸ್ ಚುರುಕಾಗಿ ಕೆಲಸ ಮಾಡುತ್ತದೆ. ಒಂದೇ ತೊಟ್ಟಿಯಲ್ಲಿ ಒಂದು ಕಡೆಯಿಂದ ಆಸಿಡ್, ಇನ್ನೊಂದು ಕಡೆಯಿಂದ ಸುಣ್ಣದ ಹಾಲು ಬಿಡುತ್ತೇವೆ. ಗಾಳಿ ಮಾತ್ರ ಆಗ ಬೇಡ. ಆ ಪಿಎಚ್‌ನಲ್ಲಿ ಬ್ಲೋವರ್ ಓಡಿಸಿದರೆ ಆಮ್ಲಜನಕವೇ ಫೆರಸ್ಸನ್ನು ತಿಂದುಬಿಡುತ್ತದೆ. ಪ್ಯಾಡಲ್‌ನಲ್ಲಿ ಕದಡಬೇಕು. ಕ್ರೋಮೇಟ್ ಇರುವವರೆಗೆ ಹೆಪ್ಪು ಕಂದು ಬಣ್ಣದಲ್ಲಿರುತ್ತದೆ. ಮುಗಿದು ಫೆರಸ್ ಮಿಕ್ಕ ಕೂಡಲೇ ಕಡು ಹಸಿರಿಗೆ ತಿರುಗುತ್ತದೆ. ಇಂಡಿ ತಾಲ್ಲೂಕಿನ ನಮ್ಮ ಹುಡುಗ ಈಗ ಮೀಟರ್ ನೋಡುವುದಿಲ್ಲ, ಬಿಳಿ ಮಗ್ಗಿನಲ್ಲಿ ನೀರು ಎತ್ತಿ ಬಣ್ಣ ನೋಡುತ್ತಾನೆ. ಆಮೇಲೆ ಡಿಪಿಸಿ ಹಾಕಿದರೂ ಅವನ ಮಾತೇ ಸರಿಯಾಗಿರುತ್ತದೆ. ಹಸಿರು ಬಂದ ಮೇಲೆ ಪಿಎಚ್ 8.8ಕ್ಕೆ ಏರಿಸಿ, ಆಗ ಬ್ಲೋವರ್ ಹಾಕಿ, ಕಂದು ಬಣ್ಣ ಮರಳಿದ ಮೇಲೆ ಪಾಲಿ (ಕಣಗಳನ್ನು ಕೂಡಿಸಿ ತಳಕ್ಕೆ ಕೂರಿಸುವ ಪಾಲಿಮರ್) ಬಿಡುತ್ತೇವೆ. ಸತು ಕೂಡ ಆ ಹೆಪ್ಪಿನ ಜೊತೆಗೇ ಇಳಿಯುತ್ತದೆ, ಮೊದಲಿಗಿಂತ ಚೆನ್ನಾಗಿ.

ಇಲ್ಲಿಗೆ ತಲುಪುವಷ್ಟರಲ್ಲಿ ಸಾಕಷ್ಟು ಕೆಟ್ಟಿತು. ಆರಂಭದ ತಿಂಗಳುಗಳಲ್ಲಿ ತೊಟ್ಟಿಯ ತುಂಬ ನೊರೆ ಎದ್ದು, ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ಏರಿತು. ಪಿಕ್ಲಿಂಗ್‌ನಲ್ಲಿ ಹಾಕುವ ಇನ್ಹಿಬಿಟರ್ (ಆಸಿಡ್ ಮಾಲಿನ ಲೋಹವನ್ನೇ ತಿನ್ನದಂತೆ ತಡೆಯುವ ರಾಸಾಯನಿಕ) ಅದಕ್ಕೆ ಕಾರಣ. ಇದ್ದಿಲಿನಲ್ಲಿ ಸೋಸಿದರೆ ಕಬ್ಬಿಣವೇ ಇದ್ದಿಲಿಗೆ ಮೆತ್ತಿಕೊಂಡು ಏಳೆಂಟು ಸಾವಿರ ರೂಪಾಯಿ ನೀರಿಗೆ ಹೋಯಿತು. ಕೊನೆಗೆ ಇನ್ಹಿಬಿಟರ್ ಇಲ್ಲದ ತೊಟ್ಟಿಯ ಆಸಿಡ್ಡನ್ನಷ್ಟೇ ಪ್ರತ್ಯೇಕ ಕ್ಯಾನ್‌ನಲ್ಲಿ ತುಂಬಿಡುವ ಕ್ರಮ ಮಾಡಿದೆವು. ರಿಜೆಕ್ಟ್ ಮಾಲಿನ ಸತು ಕೀಳುವ ಆಸಿಡ್ ಕೂಡ ಬೇಡ, ಅದರಲ್ಲಿ ಕಬ್ಬಿಣಕ್ಕಿಂತ ಸತುವೇ ಹೆಚ್ಚು.

ಸಿಒಡಿಯ ವಿಷಯದಲ್ಲಿ ಇನ್ನೊಂದು ಮಾತು. ಈ ಪದ್ಧತಿಯಲ್ಲಿ ಹೊರಹೋಗುವ ನೀರಿಗೆ ಹೈಡ್ರೋಕ್ಲೋರಿಕ್ ಆಸಿಡ್‌ನಿಂದ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಲೋರೈಡ್ ಸೇರುತ್ತದೆ. ಒಂದು ಮಿಲಿಗ್ರಾಂ ಕ್ಲೋರೈಡ್ 0.226 ಮಿಲಿಗ್ರಾಂ ಸಿಒಡಿಯಂತೆ ಓದುತ್ತದೆ, ಅಂದರೆ ಸುಮ್ಮನೆ 90 ಹೆಚ್ಚು. ಮಿತಿ 250 ಇರುವಾಗ ಇದು ಸಣ್ಣದಲ್ಲ. ಪರೀಕ್ಷೆಯಲ್ಲಿ ಕ್ಲೋರೈಡನ್ನು ಕಟ್ಟಿಹಾಕುವ ಪಾದರಸದ ಲವಣ, ಮರ್ಕ್ಯುರಿಕ್ ಸಲ್ಫೇಟ್, ಕ್ಲೋರೈಡಿನ ಹತ್ತರಷ್ಟು ಬೀಳುತ್ತಿದೆಯೇ ಎಂದು ನಿಮ್ಮ ಪ್ರಯೋಗಾಲಯವನ್ನು ಕೇಳಿ. ನಾವು ಮೊದಲು ಕಳಿಸುತ್ತಿದ್ದ ಹೊರಗಿನ ಪ್ರಯೋಗಾಲಯ ಪಾದರಸ ಉಳಿಸುತ್ತಿತ್ತು, ನಮಗೆ ಕೆಟ್ಟ ವರದಿ ಬರುತ್ತಿತ್ತು. ಹಾಗೆಯೇ ಹಳೆಯ ಆಸಿಡ್‌ನ ಕಬ್ಬಿಣ ಅಳೆಯಲು ಪರ್ಮಾಂಗನೇಟ್ ಬೇಡ, ಕ್ಲೋರೈಡ್ ಅದನ್ನೂ ಕೆಡಿಸುತ್ತದೆ. ಡೈಕ್ರೋಮೇಟ್‌ನಲ್ಲಿ ಟೈಟ್ರೇಟ್ ಮಾಡಿ. ಉಳಿದ ದ್ರಾವಣ ಹೇಗೂ ಇದೇ ತೊಟ್ಟಿಗೆ ಬೀಳುತ್ತದೆ.

ಅತಿ ದೊಡ್ಡ ಹೊಡೆತ ಬಿದ್ದದ್ದು ಟ್ರೈ ಕ್ರೋಮ್ ಕಡೆಯಿಂದ. ರಫ್ತಾಗುವ ವಾಹನ ಭಾಗಗಳಿಗೆ ಯುರೋಪಿನವರು 2007ರಿಂದ ಹೆಕ್ಸಾ ಲೇಪನ ಒಪ್ಪುವುದಿಲ್ಲ, ಆದ್ದರಿಂದ ನಮ್ಮಲ್ಲೂ ಟ್ರೈ ಪ್ಯಾಸಿವೇಶನ್ ಸಾಲು ಬಂತು. ಅದರ ತೊಳೆನೀರು ಇದೇ ಹೊಂಡಕ್ಕೆ ಸೇರಿದ್ದೇ ತಡ, ಹೆಕ್ಸಾ ಸೊನ್ನೆ, ಒಟ್ಟು ಕ್ರೋಮಿಯಂ ಮಾತ್ರ 2.0ರ ಮಿತಿ ದಾಟಿತು. ಆ ದ್ರಾವಣದಲ್ಲಿರುವ ಸಾವಯವ ಆಮ್ಲಗಳು ಟ್ರೈ ಕ್ರೋಮನ್ನು ಹಿಡಿದಿಟ್ಟುಕೊಳ್ಳುತ್ತವೆ, ಸುಣ್ಣಕ್ಕೆ ಬಿಟ್ಟುಕೊಡುವುದಿಲ್ಲ. ಕಬ್ಬಿಣ ಹೆಚ್ಚಿಸಿದರೂ ಅರ್ಧಂಬರ್ಧ. ಆ ಸಾಲಿಗೆ ಪ್ರತ್ಯೇಕ ಪೈಪ್, ಪ್ರತ್ಯೇಕ ತೊಟ್ಟಿ ಹಾಕಿಸಲು ನಲವತ್ತು ಸಾವಿರ ರೂಪಾಯಿ ಹತ್ತಿರ ಖರ್ಚಾಯಿತು. ಮಾಲೀಕರು ಮುಖ ಸಿಂಡರಿಸಿದರು, ಆದರೂ ಕೊಟ್ಟರು. ನಿಮ್ಮಲ್ಲಿ ಎಲೆಕ್ಟ್ರೋಲೆಸ್ ನಿಕಲ್ (ವಿದ್ಯುತ್ ಇಲ್ಲದೆ ಹಾಕುವ ನಿಕಲ್ ಲೇಪನ) ಇದ್ದರೆ ಅದನ್ನೂ ಹೀಗೆಯೇ ದೂರವಿಡಿ.

ಈಗ ಕೆಸರಿನ ಮಾತು, ಎಲ್ಲರೂ ನನ್ನನ್ನು ಹೆದರಿಸಿದ್ದು ಇದಕ್ಕೇ. ಒಣ ಲೆಕ್ಕದಲ್ಲಿ ಮೊದಲು ದಿನಕ್ಕೆ ಮೂರೂವರೆ ಕೆಜಿ ಆಗುತ್ತಿದ್ದದ್ದು ಆರು ಕೆಜಿಯಾಯಿತು, ನಿಜ. ಆದರೆ ರಂಜನಗಾಂವ್‌ನ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಹೋಗುವ ಗಾಡಿ ಒಣ ಕೆಸರನ್ನು ತೂಗುವುದಿಲ್ಲ, ಕೇಕನ್ನು ತೂಗುತ್ತದೆ. ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ ಬರುವ ಕೇಕಿನಲ್ಲಿ ಸಾಮಾನ್ಯವಾಗಿ ಮುಕ್ಕಾಲು ಭಾಗ ನೀರು. ಆ ನೀರಿಗೆ ಕೆಜಿಗೆ ಹನ್ನೆರಡು ರೂಪಾಯಿಯಂತೆ ಏಕೆ ಕೊಡಬೇಕು? ಸೆಟ್ಲರಿನ (ಕೆಸರು ಕೂರುವ ತೊಟ್ಟಿಯ) ತಳದ ಕೆಸರನ್ನು ಸ್ವಲ್ಪ ಹಿಂದಕ್ಕೆ ತಂದು ಸುಣ್ಣದ ಹಾಲಿನಲ್ಲೇ ಬೆರೆಸಿ ಮತ್ತೆ ತೊಟ್ಟಿಗೆ ಬಿಟ್ಟರೆ, ಹೊಸ ಹೆಪ್ಪು ಹಳೆಯ ಕಣಗಳ ಮೇಲೆಯೇ ಬೆಳೆಯುತ್ತದೆ, ಕೆಸರು ದಪ್ಪವಾಗಿ ಕೂರುತ್ತದೆ. ಗಣಿಗಳ ಆಮ್ಲ ನೀರಿಗೆ ಬಳಸುವ ವಿಧಾನವದು. ಎಷ್ಟು ಪಾಲು ತರಬೇಕು, ಎಷ್ಟು ಹೊತ್ತು ಬೆರೆಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ. ಜಾರ್ ಟೆಸ್ಟ್ (ಜಾಡಿಯಲ್ಲಿ ಸಣ್ಣ ಪ್ರಮಾಣದ ಪ್ರಯೋಗ) ಮಾಡುತ್ತ ಹೋದರೆ ನಿಮಗೂ ಸಿಗುತ್ತದೆ. ನಮ್ಮ ಕೇಕಿನಲ್ಲಿ ಘನಭಾಗ ಈಗ ನೂರಕ್ಕೆ ಮೂವತ್ತೆಂಟರ ಹತ್ತಿರ ಇದೆ, ತಿಂಗಳಿಗೆ ನಾನೂರು ಕೆಜಿ ಹೋಗುತ್ತದೆ. ಮೆಟಾ ಕಾಲದಲ್ಲಿ ಮುನ್ನೂರೈವತ್ತು ಹೋಗುತ್ತಿತ್ತು. ಇಷ್ಟೇ ವ್ಯತ್ಯಾಸ. ಗುರುವಾರದ ರಜೆಯಲ್ಲಿ ಮಾತ್ರ ಕೆಸರನ್ನು ಹಿಂದಕ್ಕೆ ತರುವ ಆ ಪೈಪು ಕಟ್ಟಿಕೊಳ್ಳುತ್ತದೆ. ಬುಧವಾರ ಸಂಜೆ ನೀರು ಹಾಯಿಸಿ ಖಾಲಿ ಮಾಡಿಡಬೇಕು.

ನಡುವೆ ಕಬ್ಬಿಣದ ಚೂರು ಕೂಡ ಪ್ರಯತ್ನಿಸಿದೆ. ಭೋಸರಿಯಲ್ಲಿ ಲೇತ್ ಚೂರಿಗೆ ಬರವೇ ಇಲ್ಲ. ಬಿಸಿ ಕಾಸ್ಟಿಕ್‌ನಲ್ಲಿ ಎಣ್ಣೆ ತೊಳೆದು ಡ್ರಮ್ಮಿನಲ್ಲಿ ತುಂಬಿ ನೀರು ಹಾಯಿಸಿದೆ. ಮೊದಲ ವಾರ ಅದ್ಭುತ, ಆಮೇಲೆ ಚೂರಿನ ಮೇಲೆ ಪದರ ಕಟ್ಟಿ ಹಳದಿ ನೀರು ಹಳದಿಯಾಗಿಯೇ ಹೊರಬಂತು. ಕಾಕಂಬಿಯನ್ನೂ ಬಿಡಲಿಲ್ಲ. ಸೂಕ್ಷ್ಮಾಣುಗಳು ಅದನ್ನು ತಿಂದು ಕ್ರೋಮೇಟ್ ಇಳಿಸುತ್ತವೆ, ಆದರೆ ವಾರಗಟ್ಟಲೆ ಬೇಕು, ನಾತ ಬೇರೆ. ದಿನದ ನೀರಿಗೆ ಅದು ಆಗದು. ನೆಲದಡಿಯ ನೀರು ಶುದ್ಧಿ ಮಾಡುವವರಿಗೆ ಸಮಯವಿರುತ್ತದೆ, ಅವರಿಗೆ ಸರಿ.

ನೆಲದ ಮಾತು ಬಂತು. ಹಾರ್ಡ್ ಕ್ರೋಮ್ ತೊಟ್ಟಿಯ ಹಿಂದೆ ಮಳೆ ಬಿದ್ದಾಗ ಹಳದಿ ಒಸರುವ ಜಾಗವೊಂದಿತ್ತು. ಹಿಂದಿನ ಗುತ್ತಿಗೆದಾರ ಅಲ್ಲಿ ಸುಣ್ಣ ಹರಡಿದ್ದ, ಹಳದಿ ಇನ್ನೂ ಜಾಸ್ತಿಯಾಗಿತ್ತು. ಕ್ಷಾರದಲ್ಲಿ ಕ್ರೋಮೇಟ್ ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆ ಹೊರಡುತ್ತದೆ. ಅನ್ನಭೇದಿಯ ದ್ರಾವಣ ಹಲವು ಸುತ್ತು ಇಂಗಿಸಿ, ಮೇಲೆ ಕಾಂಕ್ರೀಟ್ ಹಾಕಿಸಿದೆ. ಅಲ್ಲಿಗೆ ಹಳೆಯ ಆಸಿಡ್ ಸುರಿಯಬೇಡಿ. ಆಮ್ಲ ಮಣ್ಣಿನ ಬೇರೆ ಲೋಹಗಳನ್ನೂ ಕರಗಿಸಿ ಕೆಳಗೆ ಒಯ್ಯುತ್ತದೆ. ಭೋಸರಿಯ ಆಚೀಚೆ ಹರಿಯುವುದು ಪವನಾ, ಇಂದ್ರಾಯಣಿ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಡುವ ವಾರಕರಿಗಳು ಆಳಂದಿಯಲ್ಲಿ ಮುಳುಗುವುದು ಆ ಇಂದ್ರಾಯಣಿಯಲ್ಲೇ, ಅವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ.

ಲೆಕ್ಕ ಕೇಳುವವರಿಗೆ: ರಾಸಾಯನಿಕದ ಖರ್ಚು ತಿಂಗಳಿಗೆ ಹನ್ನೆರಡು ಸಾವಿರದಿಂದ ಐದಕ್ಕೆ ಇಳಿಯಿತು, ಆಸಿಡ್ ಸಾಗಣೆಯ ಆರು ಸಾವಿರ ಉಳಿಯಿತು, ಕೆಸರಿಗೆ ಆರುನೂರು ಹೆಚ್ಚಾಯಿತು. ಪ್ರತ್ಯೇಕ ತೊಟ್ಟಿಯ ದುಡ್ಡು ಮೂರ್ನಾಲ್ಕು ತಿಂಗಳಲ್ಲಿ ಮರಳಿತು. ಆರ್.ಒ. ಹಾಕಿಕೊಂಡು ನೀರು ಮರುಬಳಸುವವರು ಮಾತ್ರ ಯೋಚಿಸಿ ಕೈಹಾಕಿ, ಕ್ಲೋರೈಡ್ ಹೊರೆ ಅವರ ಮೆಂಬ್ರೇನಿನ ಮೇಲೆ ಬೀಳುತ್ತದೆ. ಇನ್ನೊಂದು, ಹಳೆಯ ಆಸಿಡ್ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. ನಿಮ್ಮದೇ ಘಟಕದ್ದನ್ನು ನಿಮ್ಮದೇ ಇ.ಟಿ.ಪಿ.ಯಲ್ಲಿ ಬಳಸುವುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಬರೆಸಿಕೊಂಡೇ ಶುರುಮಾಡಿ. ಪಕ್ಕದ ಘಟಕದವರು ಕ್ಯಾನ್ ತಂದು ‘ಇದನ್ನೂ ಹಾಕಿಬಿಡಿ’ ಎಂದು ಬಂದರೆ ಒಳಗೆ ಬಿಡಬೇಡಿ. ನಮ್ಮ ಗೇಟಿಗೂ ಬಂದಿದ್ದರು, ಹಾಗೆಯೇ ವಾಪಸು ಕಳಿಸಿದೆ.