ಅಂಚೆ ಖರ್ಚು ಎಷ್ಟು ಕೇಳಬೇಕು? ಹಳೆ ಪುಸ್ತಕ ಮಾರುವವನ ಲೆಕ್ಕ

ನೂರು ರೂಪಾಯಿಯ ಹಳೆ ಪುಸ್ತಕಕ್ಕೆ ತೊಂಬತ್ತು ರೂಪಾಯಿ ಅಂಚೆ ಖರ್ಚು ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ತೊಂಬತ್ತು ನಿಜವಾಗಿ ಆದ ಖರ್ಚೇ ಇರಬಹುದು. ಐವತ್ತು ಮಾತ್ರ ಕೇಳಿದವನು ಅದರಲ್ಲಿ ಇಪ್ಪತ್ತನ್ನು ಜೇಬಿಗೆ ಇಳಿಸಿರಬಹುದು. ಕೊಳ್ಳುವವರಿಗೆ ಇದು ಗೊತ್ತಾಗುವುದಿಲ್ಲ. ನಾನು ಶಿವಮೊಗ್ಗದಲ್ಲಿ ಕೂತು ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂಲಕ ಹಳೆ ಕನ್ನಡ ಪುಸ್ತಕ ಮಾರುತ್ತೇನೆ. ಪುಸ್ತಕದ ಬೆಲೆಗೆ ಚೌಕಾಸಿ ಮಾಡುವವರು ಕಡಿಮೆ. ತಕರಾರೆಲ್ಲ ಅಂಚೆ ಖರ್ಚಿನದೇ. ಅದಕ್ಕೆ ನನ್ನ ಲೆಕ್ಕ ಹೇಗಿದೆ ಅಂತ ಬರೆಯುತ್ತಿದ್ದೇನೆ.

ನಾನು ಇಟ್ಟುಕೊಂಡಿರುವ ನಿಯಮ ಸರಳ. ಅಂಚೆ ಮತ್ತು ಪ್ಯಾಕಿಂಗ್‌ನಲ್ಲಿ ಲಾಭ ಮಾಡುವುದಿಲ್ಲ, ನಷ್ಟವನ್ನೂ ಮಾಡಿಕೊಳ್ಳುವುದಿಲ್ಲ. ನನ್ನ ದುಡಿಮೆಗೆ ಕೂಲಿ ಬೇಕು, ನಿಜ. ಅದನ್ನು ಪುಸ್ತಕದ ಬೆಲೆಯಲ್ಲೇ ಸೇರಿಸುತ್ತೇನೆ. ಬೆಲೆ ಜಾಸ್ತಿ ಅನಿಸಿದವರು ಬೇಡ ಅನ್ನಬಹುದು. ಅಂಚೆ ಖರ್ಚಿನೊಳಗೆ ಬಚ್ಚಿಟ್ಟರೆ ಅವರಿಗೆ ಆ ಅವಕಾಶವೇ ಇರುವುದಿಲ್ಲ.

ಎಲ್ಲಕ್ಕೂ ಮೊದಲು ತೂಕ. ಪುಸ್ತಕ ಮಾರಾಟವಾದ ಮೇಲೆ ತೂಕ ನೋಡುವವರು ತುಂಬ ಜನ. ನಾನು ಫೋಟೋ ಹಾಕುವಾಗಲೇ ತೂಗುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಡೆಮಿ 1/8 ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ, ಇನ್ನೂರು ಪುಟದ ಪುಸ್ತಕ ಸುಮಾರು 250 ಗ್ರಾಂ ಬರುತ್ತದೆ. ಹಳೆಯ ಕಾಗದ, ದಪ್ಪ ರಟ್ಟು ಇದ್ದರೆ ಇನ್ನೂ ಜಾಸ್ತಿ. ಇದರ ಮೇಲೆ ಪ್ಯಾಕಿಂಗ್ ತೂಕ 40ರಿಂದ 60 ಗ್ರಾಂ. ಇದನ್ನು ಮರೆತರೆ ಕೌಂಟರ್‌ನಲ್ಲಿ ಲೆಕ್ಕ ಕೆಡುತ್ತದೆ. ಅಂಚೆ ದರ ಗ್ರಾಂ ಗ್ರಾಂಗೆ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 240 ಗ್ರಾಂ ಪುಸ್ತಕ ಪ್ಯಾಕ್ ಆಗಿ 290 ಆದರೆ ಸ್ಪೀಡ್ ಪೋಸ್ಟ್‌ನಲ್ಲಿ ಅದು 500 ಗ್ರಾಂ ಮೆಟ್ಟಿಲಿಗೆ ಹೋಯಿತು.

ಈಗ ಯಾವ ಸೇವೆ ಅನ್ನುವ ಪ್ರಶ್ನೆ. ಪುಸ್ತಕ ಮಾರುವವರಿಗೆ ಕಳೆದ ಒಂದೆರಡು ವರ್ಷ ಗೊಂದಲದ ಕಾಲ. ನಾವೆಲ್ಲ ನೆಚ್ಚಿಕೊಂಡಿದ್ದ, ಪುಸ್ತಕಗಳಿಗೆಂದೇ ಇದ್ದ ಅಗ್ಗದ ಅಂಚೆ ಸೇವೆ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಆ ಕೆಲವು ತಿಂಗಳು ಸಣ್ಣ ಪುಸ್ತಕಗಳನ್ನು ಕಳಿಸುವುದೇ ದಂಡ ಅನ್ನುವ ಹಾಗಾಗಿತ್ತು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಶುರುಮಾಡಿತು. 300 ಗ್ರಾಂವರೆಗೆ 20 ರೂಪಾಯಿ, ಐದು ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ನೆಲದ ಮೇಲೆ ಹೋಗುವುದರಿಂದ ನಿಧಾನ, ಆದರೆ ಟ್ರ್ಯಾಕ್ ಮಾಡಬಹುದು. ಪುಸ್ತಕಕ್ಕೆ ಮಾತ್ರ. ಜಾಹೀರಾತು ತುಂಬಿದ ಪತ್ರಿಕೆಗಳನ್ನು ಇದರಲ್ಲಿ ಹಾಕುವಂತಿಲ್ಲ. ಹಳೆಯ ವಾರಪತ್ರಿಕೆ, ವಿಶೇಷಾಂಕ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. “ಪುಸ್ತಕಕ್ಕೆ ಇಪ್ಪತ್ತು, ದೀಪಾವಳಿ ವಿಶೇಷಾಂಕಕ್ಕೆ ಯಾಕೆ ಇಷ್ಟು?” ಅಂತ ಕೇಳಿದರೆ ಅವರ ತಪ್ಪಲ್ಲ.

ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ಗೆ ಹೊಸ ದರ ಬಂತು. ಶಿವಮೊಗ್ಗದಿಂದ ಬೆಂಗಳೂರಿಗೆ 250ರಿಂದ 500 ಗ್ರಾಂ ನಡುವಿನ ಕವರಿಗೆ 75 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 88 ರೂಪಾಯಿ 50 ಪೈಸೆ. ಮೊದಲ ಸಾಲಿನಲ್ಲಿ ಹೇಳಿದ ತೊಂಬತ್ತು ರೂಪಾಯಿ ಇದೇ. ಜಿಎಸ್‌ಟಿಯನ್ನು ಮರೆತು ಬರೀ ದರಪಟ್ಟಿ ನೋಡಿ ಹೇಳುವ ಮಾರಾಟಗಾರರಿದ್ದಾರೆ. ಆಮೇಲೆ ಕೈಯಿಂದ ಹಾಕಬೇಕಾಗುತ್ತದೆ, ಇಲ್ಲವೇ ಗಿರಾಕಿಗೆ ಮತ್ತೆ ಮೆಸೇಜ್ ಮಾಡಿ “ಇನ್ನೊಂದು ಹದಿನೈದು ಕಳಿಸಿ” ಅನ್ನಬೇಕಾಗುತ್ತದೆ. ಎರಡೂ ಚೆನ್ನಾಗಿರುವುದಿಲ್ಲ.

ಹಾಗಾಗಿ ನಾನು ಎರಡೂ ದರ ಮುಂದಿಡುತ್ತೇನೆ. ಅವಸರ ಇಲ್ಲದಿದ್ದರೆ ಜ್ಞಾನ ಪೋಸ್ಟ್, ಬೇಗ ಬೇಕಿದ್ದರೆ ಸ್ಪೀಡ್ ಪೋಸ್ಟ್. ಹೆಚ್ಚಿನವರು ಅಗ್ಗದ್ದನ್ನೇ ಆರಿಸುತ್ತಾರೆ. ಓದುವವರಿಗೆ ಅವಸರ ಕಡಿಮೆ. ಉಡುಗೊರೆ ಕೊಡುವವರಿಗೆ ಮಾತ್ರ ನಾಳೆಯೇ ಬೇಕು.

ಪ್ಯಾಕಿಂಗ್ ಖರ್ಚಿನ ವಿಷಯದಲ್ಲೇ ಜಾಸ್ತಿ ಆಟ ನಡೆಯುವುದು. ಅಂಚೆ ದರವನ್ನು ಯಾರು ಬೇಕಾದರೂ ನೋಡಬಹುದು. ಪ್ಯಾಕಿಂಗ್‌ಗೆ ದರಪಟ್ಟಿ ಇಲ್ಲವಲ್ಲ. “ಪ್ಯಾಕಿಂಗ್ 50” ಅಂತ ಬರೆದುಬಿಟ್ಟರೆ ಮುಗಿಯಿತು. ನಾನು ಒಮ್ಮೆ ಕೂತು ಲೆಕ್ಕ ಹಾಕಿದೆ. ಕಂದು ಬಣ್ಣದ ಪ್ಯಾಕಿಂಗ್ ಟೇಪ್, 65 ಮೀಟರ್ ಸುರುಳಿ, ನನಗೆ 45 ರೂಪಾಯಿಗೆ ಸಿಗುತ್ತದೆ. ಒಂದು ಪುಸ್ತಕಕ್ಕೆ ಒಂದೂವರೆ ಮೀಟರ್ ಟೇಪ್ ಹೋದರೆ ಸುಮಾರು ಒಂದು ರೂಪಾಯಿ. ಮಳೆಗಾಲಕ್ಕೆ ಒಳಗೊಂದು ಪ್ಲಾಸ್ಟಿಕ್ ಕವರ್, ಅದು ಎರಡು ರೂಪಾಯಿ. ಮಲೆನಾಡಿನ ಜುಲೈನಲ್ಲಿ ಇದನ್ನು ಬಿಟ್ಟರೆ ಪುಸ್ತಕ ಉಬ್ಬಿಕೊಂಡೇ ತಲುಪುತ್ತದೆ. ಹೊರಗಿನ ಕವರ್ ನಾಲ್ಕೈದು ರೂಪಾಯಿ. ಒಟ್ಟು ಎಂಟು ರೂಪಾಯಿ ಸುತ್ತಮುತ್ತ. ನಾನು ಹತ್ತು ಕೇಳುತ್ತೇನೆ.

ರಟ್ಟಿಗೆ ಕೇಳುವುದಿಲ್ಲ. ಪುಸ್ತಕದ ಎರಡೂ ಬದಿಗೆ ರಟ್ಟು ಇಡಲೇಬೇಕು, ಇಲ್ಲದಿದ್ದರೆ ಮೂಲೆ ಮಡಚಿಕೊಳ್ಳುತ್ತದೆ. ಆದರೆ ಅದು ಕಿರಾಣಿ ಅಂಗಡಿಯಿಂದ ಸುಮ್ನೆ ಸಿಕ್ಕಿದ ಡಬ್ಬಿಯಿಂದ ಕತ್ತರಿಸಿದ್ದು. ಸುಮ್ನೆ ಸಿಕ್ಕಿದ್ದಕ್ಕೆ ದುಡ್ಡು ತಗೊಳ್ಳುವುದು ನನಗೆ ಸರಿ ಕಾಣುವುದಿಲ್ಲ. “ಕತ್ತರಿಸಿದ್ದು ನಿನ್ನ ಕೆಲಸ ಅಲ್ವಾ?” ಅಂತ ಗೆಳೆಯರು ವಾದ ಮಾಡುತ್ತಾರೆ. ಹೌದು, ಆದರೆ ಆ ಕೆಲಸದ ಕೂಲಿ ಪುಸ್ತಕದ ಬೆಲೆಯಲ್ಲಿ ಬಂದಾಗಿದೆ. ಅಂಚೆ ಕಚೇರಿಗೆ ಹೋಗಿಬರುವ ಪೆಟ್ರೋಲೂ ಅಷ್ಟೇ. ವಾರಕ್ಕೆ ಎರಡು ದಿನ ಹೋಗುತ್ತೇನೆ, ಹೋದಾಗ ಎಷ್ಟು ಕವರ್ ಇದ್ದರೂ ಒಂದೇ ಓಡಾಟ. ಆ ದಿನ ಒಂದೇ ಒಂದು ಆರ್ಡರ್ ಇತ್ತು ಅಂತ ಆ ಒಬ್ಬರ ತಲೆಗೆ ಕಟ್ಟುವುದು ಹೇಗೆ?

ರಟ್ಟಿನ ಪೆಟ್ಟಿಗೆಗೆ ಮಾತ್ರ ದುಡ್ಡು ಬೇರೆ. ಸಂಪುಟಗಳ ಗಂಟು ಕಳಿಸುವಾಗ ಗಟ್ಟಿ ಪೆಟ್ಟಿಗೆ ಬೇಕು, ಅದನ್ನು ಕೊಂಡೇ ತರಬೇಕು. ಬೆಲೆ ಎಷ್ಟೋ ಅಷ್ಟನ್ನೇ ಕೇಳುತ್ತೇನೆ.

ನಿಜವಾದ ಪರೀಕ್ಷೆ ಇರುವುದು ಎರಡನೆಯ ಪುಸ್ತಕದಲ್ಲಿ. ಒಬ್ಬರೇ ನಾಲ್ಕು ಪುಸ್ತಕ ತಗೊಂಡರು ಅನ್ನಿ. ಒಂದೊಂದಕ್ಕೂ 40 ರೂಪಾಯಿ ಅಂಚೆ ಖರ್ಚು ಅಂತ ಬರೆದಿದ್ದೀರಿ. 160 ಕೇಳಿದರೆ ಅದು ಶುದ್ಧ ಸುಲಿಗೆ. ನಾಲ್ಕೂ ಸೇರಿ ಒಂದೇ ಗಂಟು, 1300 ಗ್ರಾಂ. ಜ್ಞಾನ ಪೋಸ್ಟ್‌ನಲ್ಲಿ ಎರಡು ಕೆ.ಜಿ.ವರೆಗೆ 50 ರೂಪಾಯಿ. ತೆರಿಗೆ ಸೇರಿದರೂ ಅರವತ್ತರ ಒಳಗೆ. ನಾನು ಒಬ್ಬರ ಹತ್ತಿರ ಹಾಗೆ ಕೊಂಡಿದ್ದೇನೆ. ಪ್ರತಿ ಪುಸ್ತಕಕ್ಕೂ ಬೇರೆ ಬೇರೆ ಅಂಚೆ ಖರ್ಚು ವಸೂಲಿ ಮಾಡಿ, ಎಲ್ಲವನ್ನೂ ಒಂದೇ ತೆಳು ಕವರಿನಲ್ಲಿ ತುರುಕಿ ಕಳಿಸಿದ್ದರು. ರಟ್ಟೂ ಇರಲಿಲ್ಲ. ಮತ್ತೆ ಅವರ ಹತ್ತಿರ ಹೋಗಲಿಲ್ಲ. ಪುಸ್ತಕದ ಬೆಲೆ ಜಾಸ್ತಿ ಇಟ್ಟಿದ್ದರೆ ಬಹುಶಃ ಹೋಗುತ್ತಿದ್ದೆ.

ಈಗ ನನ್ನ ಗಿರಾಕಿಗಳು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. “ಎತ್ತಿಡಿ, ಇನ್ನೆರಡು ಸೇರಿದ ಮೇಲೆ ಒಟ್ಟಿಗೆ ಕಳಿಸಿ” ಅನ್ನುತ್ತಾರೆ. ದುಡ್ಡು ಕೊಟ್ಟ ಪುಸ್ತಕಗಳನ್ನು ಅವರ ಹೆಸರು ಬರೆದು ಕಪಾಟಿನಲ್ಲಿಡುತ್ತೇನೆ. ಸ್ವಲ್ಪ ಜಾಗ ಹೋಗುತ್ತದೆ, ಆದರೆ ಮಾರಾಟ ಜಾಸ್ತಿಯಾಗುತ್ತದೆ.

ಕಳಿಸಿದ ಮೇಲೆ ಅಂಚೆ ರಸೀದಿಯ ಫೋಟೋ ಕಳಿಸುತ್ತೇನೆ. ಟ್ರ್ಯಾಕಿಂಗ್ ನಂಬರ್ ಅದರಲ್ಲೇ ಇದೆ, ಕೊಟ್ಟ ದುಡ್ಡೂ ಅದರಲ್ಲೇ ಇದೆ. ಹೇಳಿದ್ದಕ್ಕಿಂತ ಹತ್ತು ರೂಪಾಯಿ ಅಥವಾ ಹೆಚ್ಚು ಉಳಿದಿದ್ದರೆ ಯುಪಿಐನಲ್ಲಿ ವಾಪಸ್ ಹಾಕುತ್ತೇನೆ. ನಾನು ಹೇಳಿದ್ದಕ್ಕಿಂತ ಖರ್ಚು ಜಾಸ್ತಿ ಬಂದರೆ ಅದು ನನ್ನದು. ತೂಗಿ ಹೇಳಿದವನು ನಾನು, ಅವರಲ್ಲ. ಹನ್ನೆರಡು ರೂಪಾಯಿ ವಾಪಸ್ ಬಂದದ್ದನ್ನು ಜನ ನೆನಪಿಟ್ಟುಕೊಳ್ಳುವಷ್ಟು ನೂರು ರೂಪಾಯಿ ರಿಯಾಯಿತಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ವಿಚಿತ್ರ, ಆದರೆ ಹೌದು.

‘ಉಚಿತ ಡೆಲಿವರಿ’ ನಾನು ಕೊಡುವುದಿಲ್ಲ. ಯಾರೂ ಉಚಿತವಾಗಿ ಸಾಗಿಸುವುದಿಲ್ಲ. ಬೆಲೆಯೊಳಗೆ ಸೇರಿಸಿದರೆ ಭದ್ರಾವತಿಯವರು ಗುವಾಹಟಿಯವರ ಅಂಚೆ ಖರ್ಚನ್ನು ಕೊಟ್ಟ ಹಾಗಾಗುತ್ತದೆ. ನನ್ನ ಹತ್ತಿರವೇ ಬಂದು ಒಯ್ಯುವವರೂ ಕೊಟ್ಟ ಹಾಗಾಗುತ್ತದೆ. ಕ್ಯಾಶ್ ಆನ್ ಡೆಲಿವರಿಯನ್ನೂ ಇದೇ ಕಾರಣಕ್ಕೆ ಬಿಟ್ಟೆ. ಬೇಡ ಅಂತ ತಿರುಗಿಸಿದ ಪಾರ್ಸೆಲ್‌ನ ಹೋಗುವ ಖರ್ಚು, ಬರುವ ಖರ್ಚು ಎರಡೂ ಮಾರುವವನ ಮೇಲೆ ಬೀಳುತ್ತದೆ. ಅದನ್ನು ಸರಿದೂಗಿಸಲು ಕೊನೆಗೆ ಪ್ರಾಮಾಣಿಕವಾಗಿ ತಗೊಂಡವರ ಮೇಲೇ ಹಾಕಬೇಕು.

ಪುಸ್ತಕದಲ್ಲಿ ಒಂದು ಸುಖ ಇದೆ. ಚಿಕ್ಕ ಜಾಗದಲ್ಲಿ ತೂಕ ಜಾಸ್ತಿ, ಹಾಗಾಗಿ ತಕ್ಕಡಿ ಹೇಳಿದ್ದೇ ಲೆಕ್ಕ. ಸಾಗರದಲ್ಲಿರುವ ನಮ್ಮ ಅತ್ತಿಗೆ ಹಪ್ಪಳ, ಸಂಡಿಗೆ ಮಾರುತ್ತಾರೆ. ಅವರ ಕಷ್ಟವೇ ಬೇರೆ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕೆ.ಜಿ. ಲೆಕ್ಕ. ನಿಜವಾದ ತೂಕ ಮತ್ತು ಇದು, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅರಳು ಸಂಡಿಗೆ ಪುಡಿಯಾಗದ ಹಾಗೆ 40, 30, 25ರ ಪೆಟ್ಟಿಗೆಯಲ್ಲಿಟ್ಟರೆ ಒಳಗಿರುವುದು ಒಂದು ಕೆ.ಜಿ.ಯಾದರೂ ಬಿಲ್ ಬರುವುದು ಆರು ಕೆ.ಜಿ.ಗೆ! “ಹಪ್ಪಳಕ್ಕೆ ಅಷ್ಟು ಕಡಿಮೆ, ಸಂಡಿಗೆಗೆ ಯಾಕೆ ಇಷ್ಟು ಅಂತ ದಿನಾ ಬೈಸಿಕೊಳ್ತೀನಿ ಮಾರಾಯ” ಅಂದರು ಅತ್ತಿಗೆ.

ನಾವಿಬ್ಬರೂ ಕೂತು ಎರಡು ಬದಲಾವಣೆ ಮಾಡಿದೆವು. ಕಾಲು, ಅರ್ಧ, ಒಂದು ಕೆ.ಜಿ. ಸಂಡಿಗೆಗೆ ಸರಿಯಾಗಿ ಹಿಡಿಸುವ ಮೂರು ಅಳತೆಯ ಪೆಟ್ಟಿಗೆ ಆರಿಸಿದೆವು. ದೊಡ್ಡ ಪೆಟ್ಟಿಗೆಯಲ್ಲಿ ಹಳೆ ಪೇಪರ್ ತುಂಬಿ ಕಳಿಸುವುದನ್ನು ನಿಲ್ಲಿಸಿದರು. ಎರಡನೆಯದು, ಖಾಲಿ ಜಾಗಕ್ಕೆ ಹಪ್ಪಳದ ಕಟ್ಟು ಸೇರಿಸಿಕೊಳ್ಳಿ ಅಂತ ಗಿರಾಕಿಗೇ ಹೇಳುವುದು. ಹಪ್ಪಳ ಚಪ್ಪಟೆ, ಸಂಡಿಗೆಯ ಪಕ್ಕ ನಿಲ್ಲಿಸಿದರೆ ಪೆಟ್ಟಿಗೆ ದೊಡ್ಡದಾಗುವುದಿಲ್ಲ, ಬಿಲ್ಲೂ ಏರುವುದಿಲ್ಲ. ಇದನ್ನು ಬಿಡಿಸಿ ಹೇಳಿದ ಮೇಲೆ ಬೈಗುಳ ಕಡಿಮೆಯಾಗಿದೆ, ಹಪ್ಪಳದ ಮಾರಾಟ ಜಾಸ್ತಿಯಾಗಿದೆ.

ಖರ್ಚನ್ನು ಮೊದಲೇ ಬಿಡಿಸಿ ಹೇಳಬೇಕು ಅಂತ ಕಾನೂನೂ ಹೇಳುತ್ತದೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಮಾರುವವರು ಒಟ್ಟು ಬೆಲೆಯನ್ನು ಹೇಳಬೇಕು, ಅದರಲ್ಲಿ ಡೆಲಿವರಿ, ಅಂಚೆ, ನಿರ್ವಹಣೆ ಎಷ್ಟೆಷ್ಟು ಅಂತ ಬಿಡಿಸಿಯೂ ತೋರಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ, ದುಡ್ಡು ಕಟ್ಟುವ ಹೊತ್ತಿಗೆ ಒಂದೊಂದೇ ಖರ್ಚು ಸೇರಿಸುವುದನ್ನು 2023ರ ನವೆಂಬರ್‌ನ ಮಾರ್ಗಸೂಚಿ ಮೋಸದ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ನಾನು ಪ್ರತಿ ಪುಸ್ತಕದ ಫೋಟೋ ಕೆಳಗೆ ಬೆಲೆ, ತೂಕ, ಪ್ಯಾಕಿಂಗ್, ಎರಡೂ ಅಂಚೆ ದರ ಒಂದೇ ಸಾಲಿನಲ್ಲಿ ಬರೆಯುತ್ತೇನೆ. “ಇನ್‌ಬಾಕ್ಸ್‌ಗೆ ಬನ್ನಿ” ಅನ್ನುವುದಿಲ್ಲ.

ವಿದೇಶದ ಆರ್ಡರ್‌ಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿಗೆ ಅಂಚೆ ಖರ್ಚು ಪುಸ್ತಕದ ಬೆಲೆಯನ್ನು ಸುಲಭವಾಗಿ ಮೀರುತ್ತದೆ, ನಿಯಮಗಳೂ ಇದ್ದಕ್ಕಿದ್ದಂತೆ ಬದಲಾಗುತ್ತವೆ. 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕಕ್ಕೆ ಅಂಚೆ ಪಾರ್ಸೆಲ್ ನಿಂತು, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರುವಾಯಿತು. ಈಗ ಅಲ್ಲಿಂದ ಯಾರಾದರೂ ಕೇಳಿದರೆ, ಇಷ್ಟು ಖರ್ಚು ಬೀಳುತ್ತದೆ ಅಂತ ಹೇಳಿ, ಊರಲ್ಲಿ ಅಪ್ಪ ಅಮ್ಮ ಇದ್ದರೆ ಅವರ ಮನೆಗೆ ಜ್ಞಾನ ಪೋಸ್ಟ್‌ನಲ್ಲಿ ಕಳಿಸಲೇ ಅಂತ ಕೇಳುತ್ತೇನೆ. ರಜೆಗೆ ಬಂದಾಗ ಸೂಟ್‌ಕೇಸ್‌ನಲ್ಲಿ ಒಯ್ಯಬಹುದು. ಬಹಳ ಜನ ಒಪ್ಪುತ್ತಾರೆ. ಅಷ್ಟರೊಳಗೆ ಅಪ್ಪ ಅದನ್ನು ಓದಿ, ಇನ್ನೊಂದು ಪುಸ್ತಕ ಇದೆಯಾ ಅಂತ ನನಗೇ ಫೋನ್ ಮಾಡಿದ್ದೂ ಉಂಟು.